ಅನುಭವ ಇದ್ದವರೇ ಬೇಕು ಅಂದರೆ ಹೊಸಬರು ಎಲ್ಲಿಗೆ ಹೋಗಬೇಕು?

ಕೇಳುಗರಿಗೆಲ್ಲ ನಮಸ್ಕಾರ.

ಸೈಬರ್ ಸೆಕ್ಯುರಿಟಿ ಕೆಲಸಕ್ಕೆ ಜನವೇ ಸಿಗುತ್ತಿಲ್ಲ ಅಂತ ಮುಂಬೈ, ಪುಣೆಯ ಕಂಪನಿಗಳವರು ಗೊಣಗುತ್ತಲೇ ಇರುತ್ತಾರೆ. ಸುಳ್ಳಲ್ಲ. ಈ ವೃತ್ತಿಯವರದೇ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಸಿ2, 2024ರಲ್ಲಿ ಒಂದು ಲೆಕ್ಕ ಹಾಕಿತು. ಜಗತ್ತಿನಲ್ಲಿ ಈ ಕೆಲಸ ಮಾಡುತ್ತಿರುವವರು ಸುಮಾರು 55 ಲಕ್ಷ. ಇನ್ನೂ ಬೇಕಾದವರು ಸುಮಾರು 48 ಲಕ್ಷ. ಆದರೆ ಡೊಂಬಿವಲಿಯಲ್ಲೋ ಪಿಂಪ್ರಿಯಲ್ಲೋ ನಮ್ಮವರ ಮನೆಯ ಹುಡುಗ ಕೋರ್ಸ್ ಮುಗಿಸಿ, ಸರ್ಟಿಫಿಕೇಟ್ ಹಿಡಿದು ಸುಮ್ನೆ ಕೂತಿದ್ದಾನೆ. ಇದು ಹೇಗೆ?

ಕೆಲಸದ ಜಾಹೀರಾತು ಓದಿ, ಗೊತ್ತಾಗುತ್ತದೆ. ಮೇಲೆ 'ಜೂನಿಯರ್' ಅಂತ ಇರುತ್ತದೆ, ಕೆಳಗೆ ಮೂರು ವರ್ಷ ಅನುಭವ ಬೇಕು ಅಂತ. ಸಿಐಎಸ್‌ಎಸ್‌ಪಿ ಅನ್ನುವ ದೊಡ್ಡ ಸರ್ಟಿಫಿಕೇಟ್ ಒಂದಿದೆ. ಅದು ಪೂರ್ತಿ ಕೈಗೆ ಬರಬೇಕಾದರೆ ಸಾಮಾನ್ಯವಾಗಿ 5 ವರ್ಷ ದುಡಿದಿರಬೇಕು. ಅದನ್ನೂ ಹೊಸಬರ ಹತ್ತಿರ ಕೇಳುವವರಿದ್ದಾರೆ! ಜನ ಇಲ್ಲ ಅನ್ನುವುದಕ್ಕಿಂತ, ಮೊದಲ ಕೆಲಸ ಕೊಡುವವರು ಇಲ್ಲ ಅನ್ನುವುದೇ ಸರಿ ಅಂತ ನನಗನಿಸುತ್ತದೆ.

ಅಷ್ಟಕ್ಕೂ ಆ ಕೆಲಸ ಎಂಥದ್ದು? ನವಿ ಮುಂಬೈನ ಐರೋಲಿಯಲ್ಲಿ, ಕಂಪನಿಯ ಕಂಪ್ಯೂಟರುಗಳ ಮೇಲೆ ಹಗಲೂ ರಾತ್ರಿ ಕಣ್ಣಿಡುವ ಒಂದು ಕಚೇರಿ, ರಾತ್ರಿ ಎರಡು ಗಂಟೆ ಅಂದುಕೊಳ್ಳಿ. ಎಲ್-1, ಅಂದರೆ ಮೊದಲ ಹಂತದ ಶಿಫ್ಟಿನ ಹುಡುಗಿಯ ಮುಂದೆ ಒಂದು ಅಲರ್ಟ್ ಬಂದಿದೆ. ಅಕೌಂಟ್ಸ್ ವಿಭಾಗದ ಕಂಪ್ಯೂಟರಿನಲ್ಲಿ ಯಾರೋ ವರ್ಡ್ ಫೈಲ್ ತೆರೆದಿದ್ದಾರೆ, ತೆರೆದ ಕೂಡಲೇ ಪವರ್‌ಶೆಲ್ ಓಡಿದೆ, ಅಂದರೆ ಕಂಪ್ಯೂಟರಿಗೆ ನೇರವಾಗಿ ಆಜ್ಞೆ ಕೊಡುವ ಪ್ರೋಗ್ರಾಂ. ವರ್ಡ್ ಫೈಲಿಗೆ ಪವರ್‌ಶೆಲ್ ಹತ್ತಿರ ಏನು ಕೆಲಸ? ಈ ಹೊತ್ತಿನಲ್ಲಿ ಅಲ್ಲಿ ಯಾರಿದ್ದಾರೆ? ತಿಂಗಳ ಕೊನೆ, ಲೆಕ್ಕ ಮುಗಿಸಲು ಯಾರಾದರೂ ಕೂತಿರಲೂಬಹುದು. ಫೈಲ್ ಮೇಲ್‌ನಲ್ಲಿ ಬಂದಿದ್ದಾ? ಅದೇ ಮೇಲ್ ಇನ್ನೆಷ್ಟು ಜನಕ್ಕೆ ಹೋಗಿದೆ? ಕಂಪ್ಯೂಟರ್ ಹೊರಗಿನ ಯಾವ ವಿಳಾಸದ ಜೊತೆ ಮಾತಾಡಿದೆ? ಏನೇನು ನಡೆಯಿತು ಅಂತ ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ, ಅಂದರೆ ಲಾಗ್ ತೆಗೆದು ಒಂದೊಂದೇ ನೋಡಬೇಕು. ಅನುಮಾನ ಗಟ್ಟಿಯಾದರೆ ಆ ಕಂಪ್ಯೂಟರನ್ನು ನೆಟ್‌ವರ್ಕಿನಿಂದ ಬೇರೆ ಮಾಡಬೇಕು. ಗಾಬರಿಯಲ್ಲಿ ಆಫ್ ಮಾಡಿಬಿಟ್ಟರೆ ಮೆಮೊರಿಯಲ್ಲಿದ್ದ ಸುಳಿವು ಹೋಯಿತು. ದಾಳಿಯೇ ಅಂತಾದರೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸಬೇಕು ಅಂತ 2022ರಿಂದ ನಿಯಮವಿದೆ.

ಇಂಥ ಅಲರ್ಟ್ ಒಂದು ರಾತ್ರಿಗೆ ರಾಶಿ ರಾಶಿ ಬರುತ್ತವೆ. ಜಾಸ್ತಿ ಎಲ್ಲ ಸುಳ್ಳು ಅಲರ್ಟ್. ಆ ರಾಶಿಯಲ್ಲಿ ನಿಜವಾದದ್ದು ಯಾವುದು ಅಂತ ತಿಳಿಯುವುದು ಪಕ್ಕದಲ್ಲಿ ಹಳಬರೊಬ್ಬರು ಕೂತು ತೋರಿಸಿದಾಗ. ವಿಡಿಯೋ ನೋಡಿ ಬರುವ ವಿದ್ಯೆ ಅಲ್ಲ ಇದು.

ಪುಣೆಯವರಿಗೆ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಕತೆ ಮರೆತಿರಲಿಕ್ಕಿಲ್ಲ. 2018ರ ಆಗಸ್ಟ್ 11, ಶನಿವಾರ. ಎಟಿಎಂನಿಂದ ಹಣ ಕೇಳಿದಾಗ ಖಾತೆ ನೋಡಿ ಹೂಂ, ಉಹೂಂ ಅನ್ನುವ ವ್ಯವಸ್ಥೆಗೆ ಸ್ವಿಚ್ ಅನ್ನುತ್ತಾರೆ. ಕಳ್ಳರು ಮಾಲ್‌ವೇರ್ ಅನ್ನುವ ಕೆಟ್ಟ ಪ್ರೋಗ್ರಾಂ ಬಿಟ್ಟು ಅದರ ಜಾಗದಲ್ಲಿ ನಕಲಿ ಸ್ವಿಚ್ ಕೂರಿಸಿದರು. ಅದು ಎಲ್ಲದಕ್ಕೂ ಹೂಂ ಅಂದಿತು. 28 ದೇಶಗಳ ಎಟಿಎಂಗಳಿಂದ ಕೆಲವೇ ಗಂಟೆಗಳಲ್ಲಿ ಹಣ ಹೋಯಿತು. ಸೋಮವಾರ, ಬ್ಯಾಂಕುಗಳು ಹೊರದೇಶಕ್ಕೆ ಹಣ ಕಳಿಸಲು ಬಳಸುವ ಸ್ವಿಫ್ಟ್ ಮೂಲಕ ಹಾಂಗ್‌ಕಾಂಗಿಗೆ ಇನ್ನಷ್ಟು. ಒಟ್ಟು 94 ಕೋಟಿ ರೂಪಾಯಿಗೂ ಜಾಸ್ತಿ. ಆ ವರ್ಷವೇ ರಿಸರ್ವ್ ಬ್ಯಾಂಕ್ ನಗರ ಸಹಕಾರಿ ಬ್ಯಾಂಕುಗಳಿಗೂ ಸೈಬರ್ ನಿಯಮ ತಂದಿತು. ನಿಯಮ ಕಾಗದದ ಮೇಲೆ ಬಂತು ಸರಿ, ರಾತ್ರಿ ಕಣ್ಣಿಟ್ಟು ಕೂರುವವರು ಬೇಕಲ್ವಾ?

ಕಲಿಸುವ ಜಾಗ ಇಲ್ಲವೇ ಇಲ್ಲ ಅಂತಲ್ಲ. ಪುಣೆಯಲ್ಲೇ 1988ರಲ್ಲಿ ಶುರುವಾದ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್ ಈ ವಿಷಯದಲ್ಲಿ ಸುಮಾರು 6 ತಿಂಗಳ ಪಿಜಿ ಡಿಪ್ಲೊಮಾ ನಡೆಸುತ್ತದೆ. ಆದರೆ ಎಲ್ಲರೂ ಎಂಜಿನಿಯರಿಂಗ್ ಓದಿದವರೇ ಆಗಬೇಕು ಅನ್ನುವ ಹಟವನ್ನು ನಾನು ಒಪ್ಪುವುದಿಲ್ಲ. ಕೇಬಲ್ ಎಳೆದು, ರೂಟರ್ ಕೂರಿಸಿ ಗೊತ್ತಿರುವ ಹುಡುಗನಿಗೆ ನೆಟ್‌ವರ್ಕ್ ಅರ್ಧ ಗೊತ್ತಿರುತ್ತದೆ. ಬ್ಯಾಂಕ್ ಕೌಂಟರಿನಲ್ಲಿ ಹತ್ತು ವರ್ಷ ಕೂತವರಿಗೆ ಯಾವ ವ್ಯವಹಾರ ವಾಸನೆ ಹೊಡೆಯುತ್ತದೆ ಅಂತ ಹೇಳಿಕೊಡಬೇಕಿಲ್ಲ.

ಮುಂಬೈ ಕನ್ನಡಿಗರಿಗಂತೂ ದುಡಿಯುತ್ತಲೇ ಕಲಿಯುವ ದಾರಿ ಹೊಸದೇನಲ್ಲ. ಊರು ಬಿಟ್ಟು ಬಂದು, ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ಸಂಜೆ ಕೈ ತೊಳೆದುಕೊಂಡು ಕನ್ನಡ ರಾತ್ರಿಶಾಲೆಗೆ ಓಡಿದವರು ಎಷ್ಟು ಜನ! ಅವರಲ್ಲಿ ಬ್ಯಾಂಕ್ ಸೇರಿದವರಿದ್ದಾರೆ, ವಕೀಲರಾದವರಿದ್ದಾರೆ. ಅವತ್ತು ಅವರನ್ನು ಯಾರೂ ಅನುಭವ ಎಷ್ಟು ಅಂತ ಕೇಳಲಿಲ್ಲ.

ಕಲಿಸಿದರೆ ಬಿಟ್ಟು ಹೋಗುತ್ತಾರೆ ಅನ್ನುವುದು ಕಂಪನಿಗಳ ದೂರು. ಹೋಗುತ್ತಾರೆ, ನಿಜ. ಎರಡು ವರ್ಷ ಅದೇ ರಾತ್ರಿ ಶಿಫ್ಟು, ಅದೇ ಸಂಬಳ, ಅದೇ ಸುಳ್ಳು ಅಲರ್ಟ್ ಅಂದರೆ ನೀವಾದರೂ ಇರುತ್ತೀರಾ? ಎಲ್-1ನಲ್ಲಿ ಪಳಗಿದವರನ್ನು ಎಲ್-2ಗೆ ಏರಿಸಿ, ಸಂಬಳ ಹೆಚ್ಚಿಸಿ ನೋಡಲಿ.

ನಮ್ಮ ಕನ್ನಡ ಸಂಘಗಳವರಿಗೂ ಒಂದು ಮಾತು. ವಾರದ ನಡುವೆ ಸಂಜೆ ಖಾಲಿ ಇರುವ ಕೋಣೆ ಒಂದು ಕೊಡಿ. ಹಳೆಯ ಲ್ಯಾಪ್‌ಟಾಪ್ ಸಾಕು, ಕಂಪ್ಯೂಟರ್ ನಡೆಸುವ ಲಿನಕ್ಸ್, ನೆಟ್‌ವರ್ಕಿನಲ್ಲಿ ಏನು ಓಡಾಡುತ್ತಿದೆ ಅಂತ ತೋರಿಸುವ ವೈರ್‌ಶಾರ್ಕ್ ಎಲ್ಲ ಬಿಟ್ಟಿ. ಐರೋಲಿ, ಪುಣೆಯ ಹಿಂಜವಡಿಯಲ್ಲಿ ಈ ಕೆಲಸದಲ್ಲೇ ಇರುವ ನಮ್ಮವರು ವಾರಕ್ಕೆ ಎರಡು ಸಂಜೆ ಬರಲಿ. ಹುಡುಗರ ಮುಂದೆ ಒಂದು ಲಾಗ್ ಇಟ್ಟು 'ಇದರಲ್ಲಿ ಏನು ಸರಿಯಿಲ್ಲ, ಹೇಳಿ' ಅಂತ ಕೇಳಲಿ. ಸ್ವಂತ ಕಂಪನಿಯ ಲಾಗ್ ಮಾತ್ರ ಹೊತ್ತು ತರಬೇಡಿ ಮಾರಾಯ್ರೆ! ಅಭ್ಯಾಸಕ್ಕೆಂದೇ ಮಾಡಿದ್ದು ನೆಟ್‌ನಲ್ಲಿ ಬೇಕಾದಷ್ಟು ಸಿಗುತ್ತದೆ.

ನಮಸ್ಕಾರ.