ಎಣ್ಣೆ ಮಿಲ್ಲಿನ ಸಣ್ಣ ಸಾವ್ಕಾರ್ರು: ಕಲಬುರಗಿಯ ಕುಸುಬಿ ಲೆಕ್ಕ

[ದೃಶ್ಯ: ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆ, ಬೆಳಿಗ್ಗೆ. ಕುಸುಬಿ ಕಾಳಿನ ರಾಶಿ]

ರಾಶಿಯೊಳಗೆ ಮೊಣಕೈವರೆಗೂ ಕೈ ಹಾಕಿ ನಿಂತಿರುವ ಇವರನ್ನು ನೋಡಿ. ಮೇಲಿನ ಕಾಳು ಬಿಸಿಲಿಗೆ ಒಣಗಿರುತ್ತದೆ, ತಳದ್ದರ ಕಥೆ ಬೇರೆ. ಅದಕ್ಕೇ ತಳದಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ತಿಕ್ಕಿ, ಊದಿ, ಎರಡು ಕಾಳು ಕಡಿದು ನೋಡುತ್ತಾರೆ. ಕಟ್ ಅಂತ ಮುರಿದರೆ ಸರಿ. ಮೆತ್ತಗಿದ್ದರೆ ಹಮಾಲರೇ ಹೇಳಿಬಿಡುತ್ತಾರೆ: "ಸಣ್ಣ ಸಾವ್ಕಾರ್ರ, ಮಾಲ್ ಹಸಿ ಅದರಿ."

ಅಜ್ಜ ಹಾಕಿದ ಮಿಲ್ಲು, ಅಪ್ಪ ಗಳಿಸಿದ ಹೆಸರು, ಊರಲ್ಲಿ ದೊಡ್ಡ ಮನೆ. ಅಂಥ ಮನೆಯ ಮೂರನೇ ತಲೆಮಾರಿಗೆ ಇಲ್ಲಿ ಸಣ್ಣ ಸಾವ್ಕಾರ್ರು ಅನ್ನುತ್ತಾರೆ. ಇವರ ಶ್ರೀಮಂತಿಕೆ ಎಲ್ಲಿದೆ ಗೊತ್ತಾ? ಜಾಸ್ತಿ ಪಾಲು ಇಂಥ ಕಾಳಿನ ಚೀಲಗಳಲ್ಲಿ.

ಕುಸುಬಿ ಹಿಂಗಾರಿ ಬೆಳೆ. ಎರೆ ಹೊಲದಲ್ಲಿ ಬಿಳಿಜೋಳದ ಜೊತೆ ಬೆಳೆಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ರಾಶಿಯಾಗುತ್ತದೆ. ಮಿಲ್ಲು ಮಾತ್ರ ವರ್ಷವಿಡೀ ತಿರುಗಬೇಕು. ಹಾಗಾಗಿ ಆ ಎರಡು ಮೂರು ತಿಂಗಳಲ್ಲೇ ಕಾಳು ಕೊಂಡು ಗೋಡೌನ್ ತುಂಬಿಸಬೇಕು. ಮನೆಯ ದುಡ್ಡು ಸಾಲುವುದಿಲ್ಲ. ಅದೇ ದಾಸ್ತಾನನ್ನು ತೋರಿಸಿ ಬ್ಯಾಂಕಿನಲ್ಲಿ ಸಾಲ ಎತ್ತುತ್ತಾರೆ. ಬಡ್ಡಿ ಅವತ್ತಿನಿಂದಲೇ ಶುರು.

ಈಗ ರಾತ್ರೋರಾತ್ರಿ ರೇಟು ಬದಲಾಗುವ ಮಾತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಆಮದು ಸುಂಕವನ್ನು ಒಟ್ಟು 5.5ರಿಂದ 27.5 ಪರ್ಸೆಂಟ್‌ಗೆ ಏರಿಸಿತು. ಆಮೇಲೆ 2025ರ ಮೇ ಕೊನೆಗೆ ಅದನ್ನೇ 16.5ಕ್ಕೆ ಇಳಿಸಿತು. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಅದರ ರೇಟು ಅಲುಗಾಡಿದರೆ ಕುಸುಬಿ ಎಣ್ಣೆಯ ರೇಟೂ ಸುಮ್ನೆ ಕೂರುವುದಿಲ್ಲ. ಮಾರ್ಚ್‌ನಲ್ಲಿ ದುಬಾರಿಗೆ ಕಾಳು ತುಂಬಿಸಿಕೊಂಡವರು ಜೂನ್‌ನಲ್ಲಿ ಹೇಗೆ ನಿದ್ದೆ ಮಾಡಬೇಕು ಹೇಳಿ.

[ದೃಶ್ಯ: ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್ ಯಂತ್ರ, ಕೆಳಗೆ ಬೀಳುವ ಹಿಂಡಿ]

ನೂರು ಕಿಲೋ ಕುಸುಬಿ ಹಾಕಿದರೆ ಎಣ್ಣೆ ಬರುವುದು ಸುಮಾರು ಕಾಲು ಭಾಗ. ಕಾಳಿನ ಸಿಪ್ಪೆ ದಪ್ಪ ನೋಡಿ. ಉಳಿದದ್ದು ಬಹುಪಾಲು ಹಿಂಡಿ, ದನಕರುಗಳ ಮೇವು. ಎಣ್ಣೆಯಲ್ಲಿ ಸಿಗುವ ಲಾಭ ತೀರಾ ತೆಳುವಾದ ವರ್ಷ ಈ ಹಿಂಡಿಯೇ ಮಿಲ್ಲನ್ನು ಕಾಯುತ್ತದೆ. ಇಲ್ಲೇ ಒಂದು ಆಸೆಯೂ ಕಾದು ಕೂತಿರುತ್ತದೆ: ಅಗ್ಗದ ಪಾಮೋಲಿನ್ (ತಾಳೆ ಎಣ್ಣೆ) ಬೆರೆಸಿ ಕುಸುಬಿ ಎಣ್ಣೆ ಅಂತ ಮಾರುವುದು. ಅಜ್ಜನ ಹೆಸರು ಉಳಿಯುವುದೂ ಅಳಿಯುವುದೂ ಇದೇ ಡಬ್ಬಿಯಲ್ಲಿ. ವಾರಸುದಾರರನ್ನು ಅಳೆಯಬೇಕಾದರೆ ನಾನು ಮೊದಲು ನೋಡುವುದು ಇದನ್ನೇ.

ಕಾಳಿನ ಕೊರತೆ ಇನ್ನೊಂದು ಸಂಕಟ. ಕುಸುಬಿ ಮುಳ್ಳಿನ ಬೆಳೆ. ದನ ನುಗ್ಗದಿರಲಿ ಅಂತ ಜೋಳದ ಹೊಲದ ಸುತ್ತ ಬಿತ್ತುತ್ತಿದ್ದರು. ನಸುಕಿನಲ್ಲಿ, ಇಬ್ಬನಿಗೆ ಮುಳ್ಳು ಮೆತ್ತಗಿರುವಾಗ, ಕೈಗೆ ಬಟ್ಟೆ ಸುತ್ತಿಕೊಂಡು ಕೊಯ್ಯಬೇಕು. ಆ ಕೂಲಿಗೆ ಜನ ಸಿಗುವುದು ಕಷ್ಟ. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದ ಮೇಲೆ ಅಗ್ಗದ ಎಣ್ಣೆ ಅಂಗಡಿ ತುಂಬಿತು. ಇತ್ತ ರೈತರು ತೊಗರಿ, ಕಡಲೆ ಕಡೆ ಹೊರಳಿದರು. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಅಧಿಕೃತ ಗುರುತು) ಕೂಡ ಬಂತು, ಖುಷಿಯ ವಿಷಯವೇ. ಆದರೆ ಕುಸುಬಿ ನಂಬಿದ ಮಿಲ್ಲುಗಳಿಗೆ ಕಾಳು ಕಡಿಮೆಯಾಯಿತು.

ಅಂದ ಹಾಗೆ, ವಾರಸುದಾರ ಅಂದರೆ ಮಗನೇ ಆಗಬೇಕಿಲ್ಲ. ಮಿಲ್ಲು ಅವಿಭಕ್ತ ಕುಟುಂಬದ ಆಸ್ತಿಯಾಗಿದ್ದರೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪ್ರಕಾರ ಮಗಳಿಗೂ ಹುಟ್ಟಿನಿಂದಲೇ ಸಮಪಾಲು. ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಗಂಜಿನ ಗಾದಿಯ ಮೇಲೆ ಹೆಣ್ಣುಮಕ್ಕಳನ್ನು ಜಾಸ್ತಿ ನೋಡಬೇಕು ಅನ್ನುವುದು ನನ್ನ ಆಸೆ.

[ದೃಶ್ಯ: ಸಂಜೆ, ಮಿಲ್ಲಿನ ಅಂಗಳ]

ತಮ್ಮ ಹೊಲದ ಕುಸುಬಿ ತಂದು, ಕೂಲಿ ಕೊಟ್ಟು ಎಣ್ಣೆ ತೆಗೆಸಿಕೊಂಡು ಹೋಗುವ ರೈತರು ಈಗಲೂ ಇದ್ದಾರೆ. ಬಿಸಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ (ಚಟ್ನಿಪುಡಿ) ಮೇಲೆ ಹಸಿ ಕುಸುಬಿ ಎಣ್ಣೆ ಬೀಳದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ನೋಡಿ, ಕಾಕಾ ಒಬ್ಬರು ನಳಿಗೆಯ ಕೆಳಗೆ ಅಂಗೈ ಹಿಡಿದಿದ್ದಾರೆ. ಬೆಚ್ಚಗಿನ ಎಣ್ಣೆಯನ್ನು ಮೂಸಿ, ನಾಲಿಗೆಗೆ ಹಚ್ಚಿಕೊಳ್ಳುತ್ತಾರೆ. ಸಣ್ಣ ಸಾವ್ಕಾರ್ರು ಕೈಯಲ್ಲಿದ್ದ ಫೋನು ಕೆಳಗಿಟ್ಟು ಕಾಕಾನ ಮುಖವನ್ನೇ ನೋಡುತ್ತಿದ್ದಾರೆ.

"ಛಲೋ ಅದ," ಅಂದರು ಕಾಕಾ, ಕ್ಯಾನು ಮುಂದೆ ತಳ್ಳುತ್ತಾ.