ಹುಬ್ಬಿನಂಥ ಹುಲ್ಲು

ಕೇಳುಗರಿಗೆ ನಮಸ್ಕಾರ.

ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ದಕ್ಷಿಣದ ಅಂಚಿನಲ್ಲಿ, ಅಮೆರಿಕದ ಗಡಿಯ ಬಳಿ, ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನವಿದೆ. ಹೆಸರಿಗಷ್ಟೇ ಉದ್ಯಾನ. ಮರ ಬೇಕೆಂದರೆ ಹುಡುಕಬೇಕು. ಮಿಕ್ಕಿದ್ದೆಲ್ಲ ಹುಲ್ಲು, ಗಾಳಿ. ಮಗಳ ಮನೆಗೆಂದು ಹೋಗಿದ್ದ ನನ್ನನ್ನು ಅವಳು ಒಂದು ಜುಲೈನಲ್ಲಿ ಅಲ್ಲಿಗೆ ಜೀವಿಗಣತಿಗೆ ಕರೆದೊಯ್ದಳು. ಸಂಬಳವಿಲ್ಲದ ಕೆಲಸ, ಬುತ್ತಿಯೂ ನಮ್ಮದೇ. ಚಪಾತಿ, ಶೇಂಗಾ ಚಟ್ನಿಪುಡಿ.

ಇಂಥ ಗಣತಿಗೆ ಬಯೋಬ್ಲಿಟ್ಜ್ ಎನ್ನುತ್ತಾರೆ. ಆ ಹೆಸರಿನಲ್ಲಿ ಮೊದಲು ನಡೆದದ್ದು 1996ರಲ್ಲಿ, ವಾಷಿಂಗ್ಟನ್ನಿನ ಒಂದು ಉದ್ಯಾನದಲ್ಲಿ. ಗೊತ್ತುಮಾಡಿದ ಜಾಗದಲ್ಲಿ, ಗೊತ್ತುಮಾಡಿದ ಹೊತ್ತಿನೊಳಗೆ ಕಂಡ ಜೀವವನ್ನೆಲ್ಲ ಬರೆದುಕೊಳ್ಳುವುದು. ಈಗ ಫೋನಿನಲ್ಲಿ ಚಿತ್ರ ತೆಗೆದು ಐನ್ಯಾಚುರಲಿಸ್ಟ್ ಎಂಬ ಆ್ಯಪ್‌ಗೆ ಹಾಕಿದರೆ ಎಲ್ಲೋ ಕೂತ ಬಲ್ಲವರು ಹೆಸರು ತಿದ್ದಿಕೊಡುತ್ತಾರೆ.

ನನಗೆ ಆಸೆಯಿದ್ದದ್ದು ಬೈಸನ್ ಮೇಲೆ, ನಮ್ಮ ಕಾಟಿಯ ದೂರದ ನೆಂಟ. ಬೇಟೆಗೆ ಸಿಕ್ಕಿ ಆ ಬಯಲಿನಿಂದಲೇ ಅಳಿದುಹೋಗಿತ್ತು. 2005ರಲ್ಲಿ 71 ತಂದು ಮತ್ತೆ ನೆಲೆಗೊಳಿಸಿದರು. ನಾನು ಕಂಡದ್ದು ದಿಬ್ಬದ ಮೇಲೆ ಮೂರು ಕಪ್ಪು ಚುಕ್ಕೆ. ಪ್ರೇರಿ ಡಾಗ್‌ಗಳು ಮಾತ್ರ ಬಿಲದ ಬಾಯಲ್ಲಿ ನೆಟ್ಟಗೆ ನಿಂತು ನಮ್ಮನ್ನು ಚೆನ್ನಾಗಿ ಬೈದವು. ನಾಯಿಯೆಂಬುದು ಹೆಸರು, ಜಾತಿ ಅಳಿಲಿನದು. ಕಪ್ಪುಬಾಲದ ಈ ಬಗೆ ಇಡೀ ಕೆನಡಾದಲ್ಲಿ ಉಳಿದಿರುವುದು ಈ ಉದ್ಯಾನದಲ್ಲಿ ಮತ್ತು ಅದರ ಸುತ್ತಮುತ್ತ ಅಷ್ಟೇ.

ನಮ್ಮ ಪಾಲಿಗೆ ಬಂದದ್ದು ಹುಲ್ಲು. ಒಂದು ಮೀಟರಿನ ಚೌಕಟ್ಟು ನೆಲಕ್ಕಿಟ್ಟು, ಒಳಗಿನದನ್ನು ಎಣಿಸಬೇಕು. ಬಾಲದಲ್ಲಿ ಗಿಲಕಿಯಾಡಿಸುವ ವಿಷದ ಹಾವು, ರ್‍ಯಾಟಲ್‌ಸ್ನೇಕ್, ಇಲ್ಲವೆಂದು ನೋಡಿಕೊಂಡು ಬೋರಲು ಮಲಗಿದೆ. ಮೊಣಕೈಗೆ ಚುಚ್ಚಿದ್ದು ಯಾರು ಅಂತೀರಿ? ಪಾಪಾಸುಕಳ್ಳಿಯ ಕುಳ್ಳ ತಂಗಿ! ಹಿಮದಡಿಯಲ್ಲೂ ಬದುಕುತ್ತದಂತೆ.

ಮೇಲಿನಿಂದ ಒಂದೇ ಹುಲ್ಲೆನಿಸಿದ್ದು ಕೆಳಗೆ ಒಂಬತ್ತಾಯಿತು. ಬ್ಲೂ ಗ್ರಾಮಾ ಎಂಬುದರ ತೆನೆ ಥೇಟ್ ತಿದ್ದಿದ ಹುಬ್ಬು. ಇನ್ನೊಂದಕ್ಕೆ ಸೂಜಿ-ದಾರದ ಹುಲ್ಲೆಂದು ಹೆಸರು: ಚೂಪಾದ ಬೀಜ, ಹಿಂದೆ ಉದ್ದನೆಯ ಎಳೆ. ತೇವ ತಾಗಿದರೆ ಎಳೆಯ ಹುರಿ ಬಿಚ್ಚುತ್ತದೆ, ಒಣಗಿದರೆ ಮತ್ತೆ ಹೊಸೆದುಕೊಳ್ಳುತ್ತದೆ; ತಿರುಗಿ ತಿರುಗಿ ಬೀಜ ಮಣ್ಣಿಗಿಳಿಯುತ್ತದೆ. ನಮ್ಮ ಬಯಲುಸೀಮೆಯ ಗೋಮಾಳದಲ್ಲಿ ಪಂಚೆಗೆ ಚುಚ್ಚಿಕೊಂಡು ಗೋಳುಹೊಯ್ಯುವ ಹುಲ್ಲಿದೆಯಲ್ಲ, ಅದರ ಕಸುಬೂ ಇದೇ. ಅರವತ್ತು ವರ್ಷ ಅದನ್ನು ಕಿತ್ತು ಬಿಸಾಡಿದ್ದೆನೇ ಹೊರತು ಒಂದು ದಿನ ಅಂಗೈಲಿಟ್ಟು ನೋಡಿರಲಿಲ್ಲ.

ಮಧ್ಯಾಹ್ನದ ಚೌಕ ಹಳೆಯ ಉಳುಮೆಯ ಹೊಲದಲ್ಲಿ ಬಿತ್ತು. 1930ರ ದಶಕದ ಬರಗಾಲದಲ್ಲಿ ಮಣ್ಣು ಹಾರಿಹೋಗದಿರಲೆಂದು ಕೆನಡಾದವರು ಏಷ್ಯಾ ಮೂಲದ ಕ್ರೆಸ್ಟೆಡ್ ವೀಟ್‌ಗ್ರಾಸ್ ಬಿತ್ತಿದರು. ಮಣ್ಣು ಉಳಿಯಿತು, ಹುಲ್ಲು ಬಿಡಲಿಲ್ಲ. ಸ್ಥಳೀಯ ಗಿಡಗಳನ್ನು ಒತ್ತಿ ಹಬ್ಬುತ್ತಲೇ ಇದೆ. ಚೌಕದಲ್ಲಿ ಅದೊಂದೇ. ಹಾಳೆಯಲ್ಲಿ ಒಂದು ಹೆಸರು ಬರೆದೆ, ಕೆಳಗಿನ ಗೆರೆಗಳೆಲ್ಲ ಖಾಲಿ. ಇದನ್ನೇನು ಕೊಡುವುದೆಂದು ಮಡಚಿ ಜೇಬಿಗಿಡುತ್ತಿದ್ದೆ. ತಂಡದ ಹುಡುಗಿ ಕೈಚಾಚಿ ಇಸಿದುಕೊಂಡು, ಸುಕ್ಕು ಬಿಡಿಸಿ, ಮಿಕ್ಕ ಹಾಳೆಗಳ ಜೊತೆಗೇ ಜೋಡಿಸಿದಳು.