ಗಾಜಿನ ಹರಳಿಗೂ ವಜ್ರದ ಮರ್ಯಾದೆ: ಟ್ರಿಫಾರಿ ಕಥೆ

ಗಿಲೀಟು ಒಡವೆ ಅಂದರೆ ಮೂಗು ಮುರಿಯೋರಿಗೆ ನಾನು ಮೊದಲು ತೋರಿಸೋದು ಟ್ರಿಫಾರಿ ಅನ್ನೋ ಅಮೆರಿಕದ ಕಂಪನಿಯ ಒಡವೆ.

ಗುಸ್ತಾವೊ ಟ್ರಿಫಾರಿ ಇಟಲಿಯ ನೇಪಲ್ಸ್‌ನವರು. 1904ರಲ್ಲಿ ನ್ಯೂಯಾರ್ಕ್‌ಗೆ ಬಂದರು. ಆಮೇಲೆ ಲಿಯೋ ಕ್ರಸ್‌ಮನ್, ಕಾರ್ಲ್ ಫಿಶೆಲ್ ಜೊತೆಯಾದರು. 1925ರಿಂದ ಮೂವರ ಹೆಸರಲ್ಲೂ ಕಂಪನಿ ನಡೀತು.

ಆದರೆ ನನ್ನ ಪ್ರಕಾರ ಟ್ರಿಫಾರಿ ಟ್ರಿಫಾರಿ ಆಗಿದ್ದು 1930ರಲ್ಲಿ, ಆಲ್ಫ್ರೆಡ್ ಫಿಲಿಪ್ ಬಂದಮೇಲೆ. ಫ್ರಾನ್ಸ್‌ನ ಈ ಕಲಾವಿದ ಅದಕ್ಕೂ ಮೊದಲು ಕಾರ್ಟಿಯೆ, ವ್ಯಾನ್ ಕ್ಲೀಫ್ ಅಂಡ್ ಆರ್ಪೆಲ್ಸ್‌ನಂಥ ದೊಡ್ಡ ಒಡವೆ ಕಂಪನಿಗಳಿಗೆ ಅಸಲಿ ರತ್ನದ ಒಡವೆ ವಿನ್ಯಾಸ ಮಾಡುತ್ತಿದ್ದವರು. ಟ್ರಿಫಾರಿಯಲ್ಲಿ ಕೈಗೆ ಸಿಕ್ಕಿದ್ದು ಗಾಜು, ಅಗ್ಗದ ಲೋಹ. ಕೆಲಸದ ಮಟ್ಟವನ್ನ ಮಾತ್ರ ಅವರು ಒಂದು ಕೂದಲೆಳೆಯಷ್ಟೂ ಇಳಿಸಲಿಲ್ಲ. 1968ರವರೆಗೂ ಅಲ್ಲೇ ಇದ್ದರು.

 ಅವರ 'ಜೆಲ್ಲಿ ಬೆಲ್ಲಿ' ಬ್ರೂಚನ್ನೇ ನೋಡಿ, ಬಟ್ಟೆಗೆ ಸಿಕ್ಕಿಸೋ ಹಕ್ಕಿ ಆಕಾರದ ಪಿನ್ ಅದು. ಹಕ್ಕಿಯ ಹೊಟ್ಟೆ ಪೂರ್ತಿ ಲೂಸೈಟ್, ಅಂದರೆ ನೀರಿನಷ್ಟು ತಿಳಿಯಾದ ಪ್ಲಾಸ್ಟಿಕ್. ಸುತ್ತ ಚಿನ್ನದ ನೀರು ಕೊಟ್ಟ ರೆಕ್ಕೆ, ರೆಕ್ಕೆಯಂಚಿಗೆ ಸಣ್ಣ ಸಣ್ಣ ಹರಳು. ಕೋಟಿಗೆ ಸಿಕ್ಕಿಸಿದರೆ ಆ ಹೊಟ್ಟೆಯೊಳಗಿಂದ ಬಟ್ಟೆಯ ಬಣ್ಣವೇ ಕಾಣುತ್ತೆ. ಎಂಥ ಕಲ್ಪನೆ, ಅಲ್ವಾ!

ಎರಡನೇ ಮಹಾಯುದ್ಧದಲ್ಲಿ ಅಗ್ಗದ ಲೋಹವೆಲ್ಲ ಸೈನ್ಯದ ಪಾಲಾಯ್ತು. ಆಗ ಇವರು ಬೆಳ್ಳಿಗೆ ತಿರುಗಿದರು. ಹಿಂಭಾಗದಲ್ಲಿ 'ಸ್ಟರ್ಲಿಂಗ್' ಅನ್ನೋ ಮುದ್ರೆ ಇದ್ದರೆ ಹೆಚ್ಚಾಗಿ ಆ ಕಾಲದ್ದು. ಯುದ್ಧ ಮುಗಿದಮೇಲೆ ಟ್ರಿಫೇನಿಯಂ ಅನ್ನೋ ತಮ್ಮದೇ ಮಿಶ್ರಲೋಹ ತಂದರು.

1953ರಲ್ಲಿ ಐಸೆನ್‌ಹೋವರ್ ಅಮೆರಿಕದ ಅಧ್ಯಕ್ಷರಾದಾಗ, ಆ ಸಂಭ್ರಮದ ನೃತ್ಯಕೂಟಕ್ಕೆ ಅವರ ಹೆಂಡತಿ ಮೇಮಿ ಹಾಕಿಕೊಂಡಿದ್ದು ಟ್ರಿಫಾರಿಯ ಕೃತಕ ಮುತ್ತಿನ ಸೆಟ್. ಬೇಕಂತಲೇ ಹೇಳಿ ಮಾಡಿಸಿದ್ದು! ವಜ್ರ ತರಿಸಿಕೊಳ್ಳೋಕೆ ಅವರಿಗೇನು ಕಷ್ಟವಿತ್ತು? ಅಂಥವರೇ ಹಾಕಿದಮೇಲೆ 'ನಕಲಿ' ಅಂತ ಯಾರು ಆಡಿಕೊಳ್ತಾರೆ?

ಹೆಸರು ಬೆಳೆದಂತೆ ಕದಿಯೋರೂ ಹೆಚ್ಚಿದರು. ಚಾರೆಲ್ ಅನ್ನೋ ಕಂಪನಿ ಮೇಲೆ ಟ್ರಿಫಾರಿ ಕೇಸು ಹಾಕಿತು. 1955ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟು, ಇಂಥ ಒಡವೆಯೂ ಕಲಾಕೃತಿಯೇ, ಅದಕ್ಕೂ ಕಾಪಿರೈಟ್ ಉಂಟು ಅಂತ ಒಪ್ಪಿತು. ಫಿಲಿಪ್ ಥರದವರ ಕೈಕೆಲಸಕ್ಕೆ ಕಾನೂನೇ ಕಲೆ ಅಂತ ಹೆಸರಿಟ್ಟ ಈ ಘಟ್ಟ ನನಗೆ ಇಡೀ ಕಥೆಯಲ್ಲೇ ತುಂಬ ಇಷ್ಟ.

1975ರಲ್ಲಿ ಕಂಪನಿ ಶುಭಾಶಯ ಪತ್ರ ಮಾಡೋ ಹಾಲ್‌ಮಾರ್ಕ್ ಕಂಪನಿಯ ಕೈಗೆ ಹೋಯ್ತು, ಆಮೇಲೆ ಇನ್ನೂ ಕೆಲವು ಕೈ ಬದಲಾಯ್ತು. ನೀವು ಹಳೇ ಟ್ರಿಫಾರಿ ಕೊಳ್ಳೋದಾದರೆ ತಿರುಗಿಸಿ ನೋಡಿ: ಹೆಸರಿನ ಪಕ್ಕ ವೃತ್ತದೊಳಗೆ ಪುಟ್ಟ 'ಸಿ', ಅಂದರೆ ಕಾಪಿರೈಟ್ ಗುರುತು ಇದ್ದರೆ, ಅದು ಸಾಮಾನ್ಯವಾಗಿ ಆ ತೀರ್ಪಿನ ಆಸುಪಾಸಿನದು, ಇಲ್ಲವೇ ಆಮೇಲಿನದು.